ಬೆಲ್ ಮತ್ತು ವೈಟ್‌ಹಾಲ್

"ಈ ವಯಸ್ಸಲ್ಲಿ ಮತ್ತೆ ಕಾಲೇಜಾ?" ಅಂತ ಅಮ್ಮ ನಕ್ಕಿದ್ದಳು. ಸಾರ್ವಜನಿಕ ಆರೋಗ್ಯದ ಮೊದಲ ಸೆಮಿಸ್ಟರ್ ಶುರುವಾಗಿ ಮೂರು ವಾರ ಆಯಿತು. ಮಲೇರಿಯಾ, ಲಸಿಕೆ, ಬಡ ದೇಶಗಳು, ಇಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಇವತ್ತು ಮೇಷ್ಟ್ರು ಸೀದಾ ಲಂಡನ್ನಿನ ಸರ್ಕಾರಿ ಕಚೇರಿಗಳಿಗೆ ಕರೆದುಕೊಂಡು ಹೋದರು.

1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ. ವೈಟ್‌ಹಾಲ್ ಅಂದರೆ ಆ ಕಚೇರಿಗಳಿರುವ ಬೀದಿ. ಸುಮಾರು 18,000 ಗಂಡಸರು, ಎಲ್ಲರೂ ಸರ್ಕಾರಿ ನೌಕರರು. ಯಾರೂ ಹೊಟ್ಟೆಗಿಲ್ಲದವರಲ್ಲ. ತಿಂಗಳ ಸಂಬಳ ಇದೆ, ಸರ್ಕಾರದ ಉಚಿತ ಚಿಕಿತ್ಸೆ ಇದೆ. ಆದರೂ ಬಾಗಿಲು ಕಾಯುವವರು, ಕಾಗದ ಹೊತ್ತು ತಿರುಗುವವರು ಹೃದಯದ ಕಾಯಿಲೆಯಿಂದ ಸಾಯುವುದು ದೊಡ್ಡ ಸಾಹೇಬರಿಗಿಂತ ಸುಮಾರು 3 ಪಟ್ಟು ಜಾಸ್ತಿ! ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಲೆಕ್ಕ ಹಾಕಿ ಕಳೆದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಅದೂ ಬಡವ, ಶ್ರೀಮಂತ ಅಂತ ಎರಡೇ ಗುಂಪಲ್ಲ, ಮೆಟ್ಟಿಲು ಮೆಟ್ಟಿಲಾಗಿ. ಮೇಲಿನಿಂದ ಎರಡನೆಯ ಮೆಟ್ಟಿಲಲ್ಲಿ ಇರುವವನಿಗೂ ತುದಿಯವನಿಗಿಂತ ಅಪಾಯ ಹೆಚ್ಚು. 1985ರಲ್ಲಿ ಮೈಕೆಲ್ ಮಾರ್ಮಟ್ ಅನ್ನುವ ಸಂಶೋಧಕ ಶುರು ಮಾಡಿದ ಎರಡನೇ ಅಧ್ಯಯನದಲ್ಲಿ ಹೆಂಗಸರೂ ಇದ್ದರು. ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಿರುವುದೂ ಒಂದು ಕಾರಣ ಅಂತ ಅದರಲ್ಲಿ ಕಂಡಿತು.

ಬಸ್ಸಲ್ಲಿ ಬರುವಾಗ ನಮ್ಮ ಆಫೀಸಿನ ಅಟೆಂಡರ್ ಅಣ್ಣ ನೆನಪಾದರು. ಬೆಲ್ ಹೊಡೆದರೆ ಏಳಬೇಕು, ಹೊಡೆಯದಿದ್ದರೆ ಅದೇ ಸ್ಟೂಲಿನ ಮೇಲೆ ಕೂತಿರಬೇಕು. ಬೆಲ್ ಒತ್ತುವವರಲ್ಲಿ ನಾನೂ ಒಬ್ಬಳು. ನಾಲ್ಕು ವರ್ಷದಲ್ಲಿ ಅವರ ಬಿಪಿ ಎಷ್ಟು ಅಂತ ಸುಮ್ನೆ ಕೂಡ ಕೇಳಿಲ್ಲ.

ಸೋಮವಾರ ಅಸೈನ್‌ಮೆಂಟ್ ಬೇರೆ ಕೊಡಬೇಕು. ಒಂದು ಸಾಲೂ ಬರೆದಿಲ್ಲ.