ಎಸ್ಪೊಸಿಟೊ

ರಾತ್ರಿ ಪಿಜ್ಜಾ ತಿನ್ನುತ್ತಾ ಒಂದು ಹೆಸರಿನ ಹಿಂದೆ ಬಿದ್ದೆ. ಮಾರ್ಗರಿಟಾ ಪಿಜ್ಜಾದ ಕಥೆಯಲ್ಲಿ ಬರುವ, ಇಟಲಿಯ ನೇಪಲ್ಸಿನ ಬಾಣಸಿಗ ರಫಾಯೆಲೆ ಎಸ್ಪೊಸಿಟೊ. ಆ ಊರಲ್ಲಿ ಬೀದಿಗೊಬ್ಬ ಎಸ್ಪೊಸಿಟೊ ಸಿಗುತ್ತಾನಂತೆ. ಲ್ಯಾಟಿನ್ ಮೂಲದ ಅರ್ಥ: ಹೊರಗೆ ಇಟ್ಟದ್ದು.

ಅಲ್ಲಿನ ಅನ್ನುನ್ಸಿಯಾಟಾ ಅನಾಥಾಶ್ರಮದ ಗೋಡೆಯಲ್ಲಿ ತಿರುಗುವ ಮರದ ಪೀಪಾಯಿ ಇತ್ತು. ರಾತ್ರಿ ಯಾರೋ ಬಂದು ಕೂಸನ್ನು ಅದರೊಳಗೆ ಇಟ್ಟು ತಿರುಗಿಸಿದರೆ ಆಯ್ತು, ಒಳಗಿನವರು ಎತ್ತಿಕೊಳ್ಳುತ್ತಿದ್ದರು. ಮುಖ ಕಾಣದು, ಪ್ರಶ್ನೆಯಿಲ್ಲ. ಹಾಗೆ ಬಂದ ಮಕ್ಕಳಿಗೆ ಇಡುತ್ತಿದ್ದ ಹೆಸರೇ ಎಸ್ಪೊಸಿಟೊ. 1875ರಲ್ಲಿ ಅದನ್ನು ಮುಚ್ಚಿದರು. ಫ್ಲಾರೆನ್ಸಿನಲ್ಲಿ ಇಂಥ ಮಕ್ಕಳು ಇನ್ನೊಚೆಂಟಿ, ಮಿಲಾನಿನಲ್ಲಿ ಕೊಲಂಬೊ. ಮಿಲಾನಿನ ಆಸ್ಪತ್ರೆಯ ಲಾಂಛನದಲ್ಲಿದ್ದ ಪಾರಿವಾಳದಿಂದ ಬಂದ ಹೆಸರದು. (ಫ್ಲಾರೆನ್ಸಿನಲ್ಲಿ ಕೆಲವು ತಾಯಂದಿರು ಅರ್ಧ ಮುರಿದ ಪದಕ ಇಟ್ಟು ಹೋಗುತ್ತಿದ್ದರು. ಉಳಿದರ್ಧ ತಮ್ಮ ಹತ್ತಿರ. ಇಲ್ಲಿಗೆ ಬಂದಾಗ ನನಗೆ ಪಿಜ್ಜಾ ಇಳಿಯಲಿಲ್ಲ.)

ಈಗ ಡಿಎನ್ಎ ಪರೀಕ್ಷೆಯ ಕಾಲ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಹೋಗುತ್ತದೆ, ಇಟಲಿಯಲ್ಲಿ ಮನೆತನದ ಹೆಸರೂ ಸಾಮಾನ್ಯವಾಗಿ ಹಾಗೇ. ಅಪರೂಪದ ಹೆಸರಾದರೆ ಎರಡೂ ಒಂದೇ ಹಾದಿಯಲ್ಲಿ ಸಿಗಬಹುದು. ಎಸ್ಪೊಸಿಟೊಗಳಲ್ಲಿ ಆ ಲೆಕ್ಕ ಕೂಡುವುದಿಲ್ಲ. ಒಬ್ಬ ಮೂಲಪುರುಷನೇ ಇಲ್ಲ, ಸಾವಿರಾರು ಅಪ್ಪಂದಿರು. ಒಂದೇ ಹೆಸರಿನ ಇಬ್ಬರು ರಕ್ತದಲ್ಲಿ ಪೂರ್ತಿ ಅಪರಿಚಿತರಾಗಿರಬಹುದು, ಪೂರ್ವಜರು ದಾಟಿ ಬಂದ ಗೋಡೆ ಮಾತ್ರ ಒಂದೇ.

ಪಿಜ್ಜಾ ಆರಿಹೋಗಿತ್ತು. ಬೆಳಿಗ್ಗೆ ಬಿಸಿ ಮಾಡಿ ತಿಂದೆ.