ಟವರ್ ಇತ್ತ್, ಕಾಲ್ ಹೋತಿಲ್ಲೆ

ಗಂಗೊಳ್ಳಿಯ ತಾಂಡೇಲರೊಬ್ಬರು (ಮೀನುಗಾರಿಕೆ ಬೋಟು ನಡೆಸುವವರು) ಫೋನ್ ಮಾಡಿ ಹೇಳಿದ್ದು ಇಷ್ಟೇ: “ಟವರ್ ಇತ್ತ್, ಕಾಲ್ ಹೋತಿಲ್ಲೆ ಮಾರಾಯ್ರೆ. ಮುಂಚೆ ಸರಿ ಇದ್ದಿತ್ತ್.” ಸಿಗ್ನಲ್ ಇದೆ, ಕಾಲ್ ಹೋಗುತ್ತಿಲ್ಲ ಅನ್ನುವ ಮೊದಲ ಮಾತು ಬರೆದುಕೊಂಡೆ. ಎರಡನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ನಾನು ಮೊಬೈಲ್ ಕಂಪನಿಯ ಆರ್‌ಎಫ್ ಆಪ್ಟಿಮೈಸೇಶನ್‌ನಲ್ಲಿದ್ದೇನೆ, ಅಂದರೆ ಟವರ್‌ಗಳ ಸಿಗ್ನಲ್ ಸರಿಮಾಡುವ ಕೆಲಸ. ಬೈಂದೂರು ಕಡೆ ಗುಡ್ಡದ ಮೇಲೆ ನಮ್ಮದೊಂದು ಸೈಟ್. ಗುಡ್ಡ, ಟವರ್ ಎರಡೂ ಸೇರಿ ಆಂಟೆನಾ ಕಡಲಿನಿಂದ ಸುಮಾರು 140 ಮೀಟರ್ ಎತ್ತರ. ಅಲ್ಲಿಂದ ಹೊರಟ ಅಲೆಗೆ ಭೂಮಿಯ ಬಾಗು ಅಡ್ಡ ಬರುವುದು ಹೆಚ್ಚುಕಮ್ಮಿ 48 ಕಿಲೋಮೀಟರ್ ಆಚೆ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದವು. ದೂರ ಹೋದರೆ ನೆಟ್ ಇಲ್ಲ ಅಂತ ದೂರು ಬಂತು. ಪಡುವಣ ಸೆಕ್ಟರ್‌ನ, ಅಂದರೆ ಕಡಲಿನತ್ತ ಮುಖ ಮಾಡಿದ ಆಂಟೆನಾದ, 4ಜಿ ಟಿಲ್ಟ್ (ಕೆಳಕ್ಕೆ ಬಾಗಿದ ಕೋನ) ಎತ್ತಿದೆ, ಪವರ್ ಜಾಸ್ತಿ ಮಾಡಿದೆ. ಜೆಟ್ಟಿ ಮೇಲೆ ಡ್ರೈವ್ ಟೆಸ್ಟ್ (ಓಡಾಡಿ ಸಿಗ್ನಲ್ ಅಳೆಯುವುದು) ಮಾಡಿ ದೂರಿನ ಟಿಕೆಟ್ ಕ್ಲೋಸ್ ಮಾಡಿದೆ. ಕಡಲೊಳಗೆ ಟೆಸ್ಟ್ ಮಾಡಲು ಬಜೆಟ್ ಇಲ್ಲ ಅಂದರು. ನಾನೂ ಹಟ ಹಿಡಿಯಲಿಲ್ಲ.

ತಾಂಡೇಲರ ಫೋನ್ ಬಂದಾಗ ಡ್ಯಾಶ್‌ಬೋರ್ಡ್ ತೆಗೆದು ನೋಡಿದೆ. ಆರ್‌ಆರ್‌ಸಿ ಸಕ್ಸೆಸ್ (ಫೋನು ಸೆಲ್‌ಗೆ ಸೇರುವುದರಲ್ಲಿ ಗೆದ್ದ ಪ್ರಮಾಣ) ಶೇಕಡ 99ಕ್ಕಿಂತ ಮೇಲೆ, ಎಲ್ಲ ಹಸಿರು. ನಿಮ್ಮ ಫೋನೇ ಹಳೆಯದಿರಬೇಕು ಅಂದೆ. “ಹಂಗಾರೆ ನೀವೇ ಬಂದ್ ಕಾಣಿ” ಅಂದರು. ರಜೆ ಹಾಕಿ, ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಬೋಟಿನಲ್ಲೇ ಹೋದೆ.

ದಡದಿಂದ 22 ಕಿಲೋಮೀಟರ್. ಬಲೆ ಎಳೆಯುವಾಗ ವಿಂಚ್‌ನ ಹಗ್ಗಕ್ಕೆ ಒಬ್ಬ ಹುಡುಗನ ಕೈ ಸಿಕ್ಕಿತು. ಬಿಡಿಸಿದಾಗ ಎರಡು ಬೆರಳು ಜಜ್ಜಿಹೋಗಿದ್ದವು. ಅವನು ಕೂಗಲಿಲ್ಲ, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತುಬಿಟ್ಟ. ಜೆಟ್ಟಿಗೆ ಆಂಬುಲೆನ್ಸ್ ತರಿಸಬೇಕಿತ್ತು. ವೈರ್‌ಲೆಸ್‌ನಲ್ಲಿ ಹತ್ತಿರದ ಬೋಟುಗಳು ಸಿಕ್ಕವು, ದಡ ಸಿಗಲಿಲ್ಲ. ನನ್ನ ಫೋನಿನಲ್ಲಿ ಮೂರು ಕಡ್ಡಿ. ಡಯಲ್ ಮಾಡಿದೆ, ಸದ್ದಿಲ್ಲ. ಮತ್ತೆ ಮಾಡಿದೆ. ಟವರ್ ಬಿಡುವುದು 40 ವ್ಯಾಟ್, ಫೋನಿನದು 0.2 ವ್ಯಾಟ್, ಅಪ್‌ಲಿಂಕ್ (ಫೋನಿನಿಂದ ಟವರ್‌ಗೆ ಹೋಗುವ ಸಿಗ್ನಲ್) ಸಾಲುತ್ತಿಲ್ಲ ಅಂದುಕೊಂಡೆ. ಎತ್ತರಕ್ಕೆ ಹೋದರೆ ಸಿಗಬಹುದು ಅಂತ ಕ್ಯಾಬಿನ್ ತಲೆ ಮೇಲೆ ಹತ್ತಿದೆ. ಅಲ್ಲೂ ಇಲ್ಲ. ಕೆಳಗೆ ಹುಡುಗನ ಅಂಗಿಯ ಮುಂಭಾಗ ಪೂರ್ತಿ ಕೆಂಪಾಗಿತ್ತು. ಐದು ನಿಮಿಷವಾದರೂ ಹೋಗಿರಬೇಕು.

ಅಷ್ಟರಲ್ಲಿ ತಾಂಡೇಲರು ಚುಕ್ಕಾಣಿ ಹತ್ತಿರದ ಪ್ಲಾಸ್ಟಿಕ್ ಕವರಿನಿಂದ ಒಂದು ಕೀಪ್ಯಾಡ್ ಫೋನ್ ತೆಗೆದರು. ನಮ್ಮದೇ ಸಿಮ್. ಮೊದಲ ಸಲಕ್ಕೇ ಕಾಲ್ ಹೋಯಿತು.

ಆ ಫೋನಿನಲ್ಲಿ ಇದ್ದದ್ದು ಬರೀ 2ಜಿ. ಅದನ್ನು ನೋಡಿದಾಗ ಕೈಕಾಲು ತಣ್ಣಗಾಯಿತು. 2ಜಿಯ ಟೈಮಿಂಗ್ ಅಡ್ವಾನ್ಸ್ (ದೂರದ ಫೋನಿಗೆ ಎಷ್ಟು ಮುಂಚೆ ಕಳಿಸಬೇಕು ಅಂತ ಹೇಳುವ ಲೆಕ್ಕ) 63 ಮೆಟ್ಟಿಲು, ಒಂದೊಂದಕ್ಕೆ ಸುಮಾರು 550 ಮೀಟರ್, ಅಂದರೆ 35 ಕಿಲೋಮೀಟರ್ ತನಕ ಕಾಲ್ ನಡೆಯುತ್ತದೆ. ಇವರು ಇಷ್ಟು ವರ್ಷ ಮಾತಾಡಿದ್ದು ಅದರಲ್ಲೇ. ನಮ್ಮ 4ಜಿ ಸೆಲ್ ಮಾತ್ರ ಒಳನಾಡಿನ ಟೆಂಪ್ಲೇಟ್‌ನಲ್ಲಿತ್ತು, ಪ್ರಿಯಾಂಬಲ್ (ಫೋನು ಸೆಲ್‌ಗೆ ಮೊದಲು ಕಳಿಸುವ ಸಂಕೇತ) ಫಾರ್ಮ್ಯಾಟ್ 0. ಅದರ ಮಿತಿ ಸುಮಾರು 14.5 ಕಿಲೋಮೀಟರ್. ಅದಕ್ಕಿಂತ ಆಚೆ ಫೋನು ಬಾಗಿಲು ತಟ್ಟುತ್ತಲೇ ಇರುತ್ತದೆ, ಆದರೆ ಸದ್ದು ಮುಟ್ಟುವ ಹೊತ್ತಿಗೆ ಸೆಲ್ ಕಿವಿಗೊಟ್ಟು ಕೂತ ಸಮಯ ಕಳೆದಿರುತ್ತದೆ. ಲಾಗ್ ತೆಗೆದು ನೋಡಿದೆ. ಎಂಎಸ್‌ಜಿ1, ಅಂದರೆ ಆ ಬಾಗಿಲು ತಟ್ಟುವ ಸಂದೇಶ, ಸಾಲಾಗಿ ಹತ್ತು ಸಲ, ಉತ್ತರ ಒಂದೂ ಇಲ್ಲ. ಮುಂಚೆ 4ಜಿ ಅಷ್ಟು ದೂರ ಬರುತ್ತಿರಲಿಲ್ಲ, ಫೋನುಗಳು 2ಜಿಗೆ ಇಳಿಯುತ್ತಿದ್ದವು. ನಾನು ಟಿಲ್ಟ್ ಎತ್ತಿದ್ದೇ ತಡ, ಎಲ್ಲವೂ ಬಂದು 4ಜಿಗೆ ಅಂಟಿಕೊಂಡವು. ಅವರಿಗಿದ್ದ ಫೋನ್ ಕಾಲನ್ನು ನಾನೇ ಕಿತ್ತುಕೊಂಡಿದ್ದೆ. ಸೆಟ್ಟಿಂಗ್‌ನಲ್ಲಿ 2ಜಿ ಹಾಕಿದ್ದರೆ ನನ್ನ ಫೋನೂ ಹೋಗುತ್ತಿತ್ತು. ಆ ಐದು ನಿಮಿಷ ಅದು ಹೊಳೆಯಲೇ ಇಲ್ಲ.

ಡ್ಯಾಶ್‌ಬೋರ್ಡ್ ಹಸಿರಾಗಿದ್ದದ್ದು ಯಾಕೆ? ಆರ್‌ಆರ್‌ಸಿ ಲೆಕ್ಕ ಶುರುವಾಗುವುದೇ ರಿಕ್ವೆಸ್ಟ್ ಸೆಲ್‌ಗೆ ಮುಟ್ಟಿದ ಮೇಲೆ. ಮುಟ್ಟದೇ ಹೋದವರು ಅದರಲ್ಲಿ ಇಲ್ಲವೇ ಇಲ್ಲ. ತಿಂಗಳ ರಿವ್ಯೂನಲ್ಲಿ ಇದೇ ನಂಬರ್ ತೋರಿಸಿ ಶಭಾಷ್ ಅನ್ನಿಸಿಕೊಂಡಿದ್ದೆವು.

ಅವತ್ತು ರಾತ್ರಿಯೇ ಟಿಲ್ಟ್ ಮೊದಲಿನ ಹಾಗೆ ಮಾಡಿದೆ. ಇನ್ನೂ ದೂರದ ಫೋನಿಗೂ ಕಿವಿಗೊಡುವ ಫಾರ್ಮ್ಯಾಟ್ 1 ಹಾಕಿ, ಸೆಲ್ ರೇಡಿಯಸ್ ದೊಡ್ಡದು ಮಾಡಿ, ಅಕ್ಕಪಕ್ಕದ ಸೆಲ್‌ಗಳಿಗೆ ಡಿಕ್ಕಿಯಾಗದ ಹಾಗೆ ರೂಟ್ ಸೀಕ್ವೆನ್ಸ್ (ಪ್ರಿಯಾಂಬಲ್‌ಗಳನ್ನು ಹುಟ್ಟಿಸುವ ಮೂಲ ಸಂಕೇತ) ಹೊಂದಿಸಬೇಕಿತ್ತು. ಸಿಆರ್ (ಬದಲಾವಣೆಯ ಕೋರಿಕೆ) ಅಪ್ರೂವ್ ಆಗಲು ಹನ್ನೊಂದು ದಿನ ಹಿಡಿಯಿತು. ಕೆಪಿಐ (ಡ್ಯಾಶ್‌ಬೋರ್ಡ್‌ನ ಅಂಕಿ) ಚೆನ್ನಾಗಿಯೇ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟುವುದು ಅಂತ ಕೇಳಿದರು. ಬೋಟಿನ ಲಾಗ್ ಇಟ್ಟುಕೊಂಡು ಮೂರು ಸಲ ವಿವರಿಸಿದೆ. ಈಗ ಕಡಲ ಕಡೆಯ ಯಾವ ಸೆಲ್ ಕೈಗೆ ಬಂದರೂ ಟಿಲ್ಟ್‌ಗಿಂತ ಮೊದಲು ಪ್ರಿಯಾಂಬಲ್ ಫಾರ್ಮ್ಯಾಟ್ ನೋಡುತ್ತೇನೆ. ದೂರು ಕೊಟ್ಟವರನ್ನು ಮುಂಚೆ ಹೇಗಿತ್ತು ಅಂತ ಕೇಳುತ್ತೇನೆ.

ಹುಡುಗನ ಬೆರಳು ಉಳಿದವು. ಒಂದು ಮಾತ್ರ ಪೂರ್ತಿ ಮಡಚುವುದಿಲ್ಲ.

ಬದಲಾವಣೆ ಆದ ಮೇಲೆ ಅದೇ ಬೋಟಿನಲ್ಲಿ ಮತ್ತೆ ಹೋದೆ. 26 ಕಿಲೋಮೀಟರ್‌ನಲ್ಲಿ ತಾಂಡೇಲರು ತಮ್ಮ ಸ್ಮಾರ್ಟ್‌ಫೋನಿನಿಂದ ಮನೆಗೆ ಮಾಡಿದರು, ಹೋಯಿತು. ಕೀಪ್ಯಾಡ್ ಫೋನ್ ತೆಗೆದುಬಿಡಬೇಡಿ ಅಂದೆ. ಅವರು ಕವರ್ ಎತ್ತಿ ತೋರಿಸಿದರು. ಚಾರ್ಜ್ ಫುಲ್ ಇತ್ತು.