ಟ್ಯೂಮರ್ ಸೋಮವಾರ, ನಾರ್ಮಲ್ ಗುರುವಾರ

ಮೈಕ್ರೋಅರೇ ಲ್ಯಾಬ್‌ಗೆ ಸೇರಿದ ಎರಡನೇ ವರ್ಷ ನನ್ನ ಕೈಯಿಂದಾದ ತಪ್ಪು ಇದು. ಮೈಕ್ರೋಅರೇ ಎಂದರೆ ಸಾವಿರಾರು ಜೀನ್‌ಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆಯುವ, ಗಾಜಿನ ಮೇಲಿನ ಚುಕ್ಕಿಗಳ ಸಾಲು. ಈ ಕೆಲಸಕ್ಕೆ ಈಗ ಹೆಚ್ಚಿನವರು ಸೀಕ್ವೆನ್ಸಿಂಗ್ (ಜೀನ್‌ಗಳ ಪ್ರತಿಗಳನ್ನು ಓದಿ ಎಣಿಸುವ ವಿಧಾನ) ಕಡೆ ಹೋಗಿದ್ದಾರೆ. ಆದರೆ ಇದೇ ತಪ್ಪು ಅಲ್ಲೂ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಾಯಿ ಕ್ಯಾನ್ಸರ್‌ನ ಪ್ರಾಜೆಕ್ಟ್. 16 ರೋಗಿಗಳು. ಒಬ್ಬೊಬ್ಬರಿಂದ ಎರಡು ಚೂರು: ಗಡ್ಡೆಯದ್ದೊಂದು, ಪಕ್ಕದ ಚೆನ್ನಾಗಿರುವ ಭಾಗದ್ದೊಂದು. ಗಡ್ಡೆಯಲ್ಲಿ ಯಾವ ಜೀನ್‌ಗಳ ಸದ್ದು ಏರಿದೆ, ಯಾವುದು ಇಳಿದಿದೆ ಎಂದು ಒಂದೇ ಸಲಕ್ಕೆ ನೋಡಬೇಕಿತ್ತು. 1995ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ 45 ಜೀನ್‌ಗಳನ್ನು ಗಾಜಿನ ಮೇಲೆ ಚುಕ್ಕಿಯಿಟ್ಟು ಅಳೆದಿದ್ದರು. ನಮ್ಮ ಕೈಗೆ ಬರುವ ಹೊತ್ತಿಗೆ ಒಂದು ಸ್ಲೈಡಿನಲ್ಲಿ ಎಂಟು ಅರೇ, ಒಂದೊಂದರಲ್ಲೂ 60 ಸಾವಿರದಷ್ಟು ಚುಕ್ಕಿ. ಪ್ರತಿ ಚುಕ್ಕಿಯಲ್ಲೂ ಒಂದು ನಿರ್ದಿಷ್ಟ ಜೀನ್‌ಗೆ ಮಾತ್ರ ಜೋಡಿಯಾಗುವ, 60 ಅಕ್ಷರ ಉದ್ದದ ಡಿಎನ್‌ಎ ಎಳೆಗಳು. ಜೀನ್ ಚುರುಕಾದಷ್ಟೂ ಅದರ ಆರ್‌ಎನ್‌ಎ ಪ್ರತಿಗಳು ಹೆಚ್ಚು. ಸ್ಯಾಂಪಲ್‌ನ ಆ ಆರ್‌ಎನ್‌ಎಗೆ ನಕಲು ತೆಗೆದು, ಬಣ್ಣ ಕಟ್ಟಿ, 65 ಡಿಗ್ರಿಯಲ್ಲಿ 17 ಗಂಟೆ ತಿರುಗಲು ಬಿಟ್ಟರೆ ಅದು ತನ್ನ ಜೋಡಿಯನ್ನು ಹುಡುಕಿಕೊಂಡು ಅಂಟುತ್ತದೆ. ತೊಳೆದು ಸ್ಕ್ಯಾನರ್‌ಗೆ ಕೊಟ್ಟರೆ ಹೊಳಪೇ ಅಳತೆ.

32 ಸ್ಯಾಂಪಲ್, ನಾಲ್ಕು ಸ್ಲೈಡ್. ಫ್ರೀಜರ್‌ನಲ್ಲಿ ಒಂದು ಬಾಕ್ಸ್ ಟ್ಯೂಮರ್, ಇನ್ನೊಂದು ನಾರ್ಮಲ್. ನಾನು ಮೊದಲ ಬಾಕ್ಸ್ ತೆಗೆದು ಸೋಮವಾರ ಎರಡು ಸ್ಲೈಡ್ ಹಾಕಿದೆ, ಎರಡನೆಯದನ್ನು ಗುರುವಾರ. ಟ್ಯೂಬ್ ಅದಲುಬದಲಾಗುವ ಭಯ ತಪ್ಪಿತು ಎಂಬ ಸಮಾಧಾನ ಬೇರೆ.

ಫಲಿತಾಂಶ ನೋಡಿ ಎಲ್ಲರಿಗೂ ಸಂತೋಷ. ಗ್ರಾಫ್‌ನಲ್ಲಿ ಟ್ಯೂಮರ್ ಎಲ್ಲ ಒಂದು ಕಡೆ, ನಾರ್ಮಲ್ ಎಲ್ಲ ಇನ್ನೊಂದು ಕಡೆ, ನಡುವೆ ಯಾರೂ ಇಲ್ಲ. ವ್ಯತ್ಯಾಸ ತೋರಿಸಿದ ಜೀನ್‌ಗಳು ಸಾವಿರಗಟ್ಟಲೆ. ನಮ್ಮ ಹಿರಿಯ ಮೇಡಂ ಮಾತ್ರ ಪಟ್ಟಿಯನ್ನು ಕೆಳಗಿನವರೆಗೂ ಎಳೆದುಕೊಂಡು ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇದು ಸ್ಪೈಕ್-ಇನ್ ಅಲ್ವೇನಮ್ಮ? ಇದು ಯಾಕೆ ಈ ಪಟ್ಟಿಯಲ್ಲಿದೆ?”

ಸ್ಪೈಕ್-ಇನ್ ಎಂದರೆ ಬಣ್ಣ ಕಟ್ಟುವ ಕೆಲಸದ ಶುರುವಿನಲ್ಲಿ ನಾವೇ ಪ್ರತಿ ಟ್ಯೂಬಿಗೂ ಸಮವಾಗಿ ಹಾಕುವ ಹತ್ತು ಬಗೆಯ ಕೃತಕ ಆರ್‌ಎನ್‌ಎ. ಅದು ರೋಗಿಯ ದೇಹದ್ದೇ ಅಲ್ಲ. ಕ್ಯಾನ್ಸರ್ ಇರಲಿ, ಇಲ್ಲದಿರಲಿ, ಅದು ಏರಲೂ ಬಾರದು, ಇಳಿಯಲೂ ಬಾರದು. ನಮ್ಮಲ್ಲಿ ಕಡಿಮೆ ಪ್ರಮಾಣದ ಸ್ಪೈಕ್-ಇನ್‌ಗಳು ಗುರುವಾರದ ಸ್ಲೈಡ್‌ಗಳಲ್ಲಿ ಹೆಚ್ಚು ಹೊಳೆದಿದ್ದವು. ನೋಟ್‌ಬುಕ್ ತೆರೆದೆ. ಎರಡನೇ ಸಲ ತೊಳೆಯುವ ದ್ರಾವಣ, ಅಂದರೆ ಬಫರ್, ಹಿಂದಿನ ರಾತ್ರಿಯಿಂದಲೇ 37 ಡಿಗ್ರಿಯಲ್ಲಿರಬೇಕು. ಗುರುವಾರದ ಸ್ಲೈಡ್‌ಗಳಿಗೆ ಮಾತ್ರ ರಾತ್ರಿ ಇಡಲು ಮರೆತು, ಬೆಳಿಗ್ಗೆ ಬಂದು ಇಟ್ಟಿದ್ದೆ. ಬಫರ್ ಸರಿಯಾಗಿ ಬಿಸಿಯಾಗದೆ, ಜೋಡಿಯಲ್ಲದಿದ್ದರೂ ಅಂಟಿಕೊಂಡಿದ್ದ ಎಳೆಗಳು ಪೂರ್ತಿ ತೊಳೆದುಹೋಗಿರಲಿಲ್ಲ.

ಬೇರೆ ಬೇರೆ ದಿನ ಮಾಡಿದ್ದರಿಂದ ಬರುವ ವ್ಯತ್ಯಾಸ (ಬ್ಯಾಚ್ ವ್ಯತ್ಯಾಸ) ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ ಎಂದೆ. ಇದೆ, ಆದರೆ ಪ್ರತಿ ದಿನವೂ ಎರಡೂ ಬಗೆಯ ಸ್ಯಾಂಪಲ್ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಟ್ಯೂಮರ್ ಎಂದರೂ ಸೋಮವಾರ ಎಂದರೂ ಒಂದೇ. ದಿನವನ್ನು ಕಳೆದರೆ ಕಾಯಿಲೆಯೂ ಅದರ ಜೊತೆಗೇ ಹೋಗುತ್ತದೆ.

ಇದು ದೊಡ್ಡ ದೊಡ್ಡವರ ಕೆಲಸದಲ್ಲೂ ಬಂದ ಪ್ರಶ್ನೆ. 2007ರಲ್ಲಿ ನೇಚರ್ ಜೆನೆಟಿಕ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ, ಯುರೋಪ್ ಮತ್ತು ಏಷ್ಯಾ ಮೂಲದವರ ನಡುವೆ ಅಳೆದ ಜೀನ್‌ಗಳ ಸುಮಾರು ಕಾಲುಭಾಗದ ಚಟುವಟಿಕೆಯಲ್ಲಿ ವ್ಯತ್ಯಾಸವಿದೆ ಎಂಬ ಪ್ರಬಂಧ ಬಂತು. ಅದೇ ವರ್ಷ ಬೇರೆಯವರು ಆ ಅರೇಗಳ ತಾರೀಖು ತೆಗೆದು ನೋಡಿದರು. ಯುರೋಪ್ ಮೂಲದವರ ಅರೇಗಳು ಹೆಚ್ಚಾಗಿ 2003–04ರವು, ಏಷ್ಯಾದವರದ್ದು 2005–06ರವು. ಎಷ್ಟು ವ್ಯತ್ಯಾಸ ಜನರದ್ದು, ಎಷ್ಟು ವರ್ಷದ್ದು ಎಂದು ಬೇರ್ಪಡಿಸುವುದಾದರೂ ಹೇಗೆ?

ಕೊನೆಗೆ ಮತ್ತೆ ಮಾಡಿದೆವು. ಒಬ್ಬ ರೋಗಿಯ ಎರಡೂ ಸ್ಯಾಂಪಲ್ ಒಂದೇ ಸ್ಲೈಡಿಗೆ, ಸ್ಲೈಡಿನೊಳಗಿನ ಜಾಗ ಚೀಟಿ ಎತ್ತಿ, ಟ್ಯೂಬ್ ಮೇಲೆ ಬರೀ ನಂಬರ್. ಪಟ್ಟಿಯಲ್ಲಿದ್ದ ಬಹಳಷ್ಟು ಜೀನ್‌ಗಳು ಕಾಣೆಯಾದವು. ಎಂಎಂಪಿ1 ಎಂಬ ಜೀನ್ ಏರಿದ್ದು, ಕೆರಾಟಿನ್ 4 ಮತ್ತು 13ರ ಜೀನ್‌ಗಳು ಇಳಿದದ್ದು ಹಾಗೇ ಉಳಿಯಿತು. ಬಾಯಿ ಕ್ಯಾನ್ಸರ್‌ನಲ್ಲಿ ಹಲವರು ಕಂಡಿರುವುದೂ ಅದನ್ನೇ. ಉಳಿದ ಸಣ್ಣ ಪಟ್ಟಿಯನ್ನು ಆಗ ನಂಬಬಹುದು ಅನ್ನಿಸಿತು.

ಆದರೆ ಎರಡನೇ ಸಲ ಹಾಕಲು ಸಾಧ್ಯವಾದದ್ದು 11 ಜನರ ಸ್ಯಾಂಪಲ್ ಮಾತ್ರ. ಉಳಿದ ಐವರ ಚೂರುಗಳು ಮೊದಲೇ ಚಿಕ್ಕವು, ಆರ್‌ಎನ್‌ಎ ಮುಗಿದುಹೋಗಿತ್ತು. ಅವರ ಆಪರೇಷನ್ ಆಗಿ ತಿಂಗಳುಗಳೇ ಕಳೆದಿದ್ದವು, ಮತ್ತೆ ಹೋಗಿ ಕೇಳುವ ಮಾತೇ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅವರಲ್ಲೊಬ್ಬರು, “ಇನ್ನೊಬ್ಬರಿಗಾದರೂ ಉಪಯೋಗಕ್ಕೆ ಬರ್ಲಿ ಬಿಡಿ” ಎಂದಿದ್ದರಂತೆ, ನಮ್ಮ ಕೋಆರ್ಡಿನೇಟರ್ ಹೇಳಿದರು. ಆ ಐದು ಖಾಲಿ ಟ್ಯೂಬ್‌ಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಮೈನಸ್ 80ರ ಫ್ರೀಜರ್‌ನ ಕೆಳಗಿನ ರ‍್ಯಾಕ್‌ನಲ್ಲಿ ಇನ್ನೂ ಇವೆ.